ಏಳನೆಯವನ ಜರ್ಸಿ

ಎಫ್ರೈಮ್ ಟಗಾರ್ಟನ ಪರಾಕ್ರಮವೆಲ್ಲ ಈಗ ಸಿಲ್ವರ್‌ಕ್ರೀಕಿನ ಕ್ಷೌರದಂಗಡಿಯಲ್ಲೇ ಹೆಚ್ಚು. ಮುಖಕ್ಕೆ ಸೋಪು ಬಿದ್ದೊಡನೆ, "ಸಂಬಳ ತಗೊಂಡು ಐಸ್ ಹಾಕಿ ಆಡಿದೋರಲ್ಲಿ ನಾನೇ ಮೊದಲನೇವನು" ಎಂದು ಶುರುಮಾಡುತ್ತಿದ್ದ. ಬೆಳ್ಳಿಗಣಿಯ ಮಾಲೀಕರು ತಮ್ಮ ತಂಡಕ್ಕೆಂದು ಅವನನ್ನು ರೈಲಿನಲ್ಲಿ ಕರೆಸಿಕೊಂಡದ್ದು ನಿಜವೇ. ಆದರೆ ಅದು ಏಳು ಚಳಿಗಾಲದ ಹಿಂದಿನ ಮಾತು, ಹೊಟ್ಟೆ ಬೆಲ್ಟಿನ ಮೇಲೆ ಬಂದು ಕೂರುವುದಕ್ಕೆ ಮುಂಚಿನದು.

ತಂಡದಲ್ಲಿ ಅವನು ಏಳನೆಯವನು. ಉಳಿದ ಆರು ಜನಕ್ಕೂ ಒಂದೊಂದು ಜಾಗವಿದ್ದರೆ, ಏಳನೆಯವನು ಮಂಜುಗಡ್ಡೆಯ ಅಂಗಳದ ಮೇಲೆ ಮನಸ್ಸಿಗೆ ಬಂದಲ್ಲಿ ಸುತ್ತಬಹುದು. ಅದು ಎಲ್ಲರಿಗಿಂತ ಚುರುಕಾದವನ ಕೆಲಸ. ಎಫ್ರೈಮ್ ಸುತ್ತುವುದನ್ನೇನೋ ಬಿಟ್ಟಿರಲಿಲ್ಲ. ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ ಎಲ್ಲಿದೆಯೋ ಅಲ್ಲಿಗೆ, ಅದು ಹೊರಟುಹೋದ ಮೇಲೆ, ತಪ್ಪದೆ ತಲುಪುತ್ತಿದ್ದ.

ಮಾರ್ಚ್ ತಿಂಗಳ ಕೊನೆಯ ಪಂದ್ಯದ ದಿನ ಗಣಿಯ ಮಾಲೀಕ ಹ್ಯಾಲೋವೇ ಅವನನ್ನು ಕರೆಸಿದರು.

"ನೋಡಪ್ಪಾ, ಎದುರು ತಂಡದ ಆ ಲರೋಶ್‌ನ ಇವತ್ತು ತಡದ್ರೆ ಜರ್ಸಿ ನಿಂದೇ. ಇಲ್ದಿದ್ರೆ ಗಣೀಲಿ ಗುದ್ದಲಿ ಕಾಯ್ತಾ ಇದೆ."

"ತಡೆಯೋದೇನ್ ಬಂತು ಸಾಹೇಬ್ರೇ, ಮಲಗಿಸ್ಬಿಡ್ತೀನಿ."

ಪಕ್ಕದಲ್ಲಿದ್ದ ತಂಡದ ನಾಯಕ ಕ್ವಿಲ್ಟಿಗೆ ನಗು ತಡೆಯಲಾಗಲಿಲ್ಲ. "ಅಣ್ಣಾ, ನೀನು ಲರೋಶ್ ಹಿಂದೆ ಓಡ್ಬೇಡ. ಒಂದ್ ಸುತ್ತು ಹಾಕ್ಕೊಂಡು ಅವನೇ ನಿನ್ ಹಿಂದೆ ಬರ್ತಾನೆ, ಆಗ ತಿರುಗ್ಕೋ."

ಎಫ್ರೈಮ್ ಹಾಗೆಯೇ ಮಾಡಿದ. ರೆಫರಿ ಬೇರೆ ಕಡೆ ನೋಡುತ್ತಿದ್ದಾಗ ಕೋಲಿನಿಂದ ಲರೋಶನ ಕಣಕಾಲಿಗೆ ಬಲವಾಗಿ ಬಾರಿಸಿದ. ಲರೋಶ್ ಕುಸಿದ. ಇಬ್ಬರು ಅವನನ್ನು ಹೊತ್ತು ಬೆಂಚಿಗೆ ಒಯ್ದರು. ಎಫ್ರೈಮ್ ಜನರತ್ತ ಕೈಬೀಸಿ ಮೀಸೆ ತಿರುವಿದ.

ರೆಫರಿ ಕ್ವಿಲ್ಟಿಯನ್ನು ಕರೆದ. "ಈಗ ಅವರು ಆರೇ ಜನ. ನೀವೂ ಒಬ್ಬನ್ನ ಕೂರಿಸ್ಬೇಕು. ಯಾರನ್ನ?"

ಬದಲಿ ಆಟಗಾರರೇ ಇಲ್ಲದ ಆಟ. ಒಬ್ಬ ಏಟು ತಿಂದು ಹೊರಬಿದ್ದರೆ ಎದುರಿನವರೂ ಒಬ್ಬನನ್ನು ಹೊರಗೆ ಕೂರಿಸಬೇಕು. ಕ್ಷೌರಿಕನಿಗೆ ಈ ನಿಯಮವನ್ನು ನೂರು ಸಲ ವಿವರಿಸಿದ್ದವನು ಎಫ್ರೈಮನೇ. ಕೋಲು ಎತ್ತುವಾಗ ಮಾತ್ರ ಅದು ಮರೆತುಹೋಗಿತ್ತು.

ಕ್ವಿಲ್ಟಿ ತಿರುಗಿಯೂ ನೋಡಲಿಲ್ಲ. "ಎಫ್ರೈಮಣ್ಣ, ಹೋಗಿ ಕೂತ್ಕೋ."

"ನಾನಾ? ಅವನನ್ನ ಮಲಗಿಸ್ದೋನು ನಾನು ಕಣೋ."

"ಗೊತ್ತಣ್ಣಾ. ಭಾರಿ ಉಪಕಾರ ಆಯ್ತು."

ಬೆಂಚಿನ ಮೇಲೆ ಇದ್ದದ್ದು ಒಂದೇ ಕಂಬಳಿ. ಲರೋಶ್ ಅರ್ಧ ಸರಿಸಿಕೊಟ್ಟು ಕೇಳಿದ, "ನಿಮಗೂ ಏಟಾಯ್ತಾ ಯಜಮಾನ್ರೇ?"

"ಹ್ಞೂಂ" ಎಂದ ಎಫ್ರೈಮ್. ಕಂಬಳಿಯನ್ನು ಕಿವಿಯವರೆಗೂ ಎಳೆದುಕೊಂಡ.

ಆರಾರು ಜನರಾದ ಮೇಲೆ ಜಾಗ ಬಿಚ್ಚಿಕೊಂಡಿತು, ಆಟಕ್ಕೆ ಜೀವ ಬಂತು. ಸಿಲ್ವರ್‌ಕ್ರೀಕ್ ನಾಲ್ಕು ಗೋಲು ಹೊಡೆಯಿತು. ಬೆಂಚಿನ ಹಿಂದಿನ ಸಾಲಿನಲ್ಲಿ ಹ್ಯಾಲೋವೇ ಎದುರು ತಂಡದ ಮಾಲೀಕರಿಗೆ ಹೇಳುತ್ತಿದ್ದರು:

"ಆರೇ ಜನ ಇದ್ರೆ ಎಷ್ಟು ಚೆನ್ನಾಗಿ ಓಡ್ತದೆ ನೋಡ್ರೀ. ಮುಂದಿನ್ ವರ್ಷದಿಂದ ಹೀಗೇ ಇಟ್ಕೊಂಡ್ಬಿಡೋಣ."

"ಆಗ್ಲಿ. ಈ ಏಳನೇವನು ಇಷ್ಟು ದಿನ ಯಾಕಿದ್ನೋ."

ಎಫ್ರೈಮನ ಕಿವಿಗೆ ಅದು ಬಿತ್ತು. ತನ್ನ ಜಾಗಕ್ಕೆ ಇನ್ನೊಬ್ಬ ಬಂದಾನೆಂದು ಅವನು ಹೆದರಿದ್ದ. ಜಾಗವೇ ಹೋದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಪಂದ್ಯ ಮುಗಿದಾಗ ಹ್ಯಾಲೋವೇ ಬಂದು ಅವನ ಬೆನ್ನು ತಟ್ಟಿದರು.

"ಲರೋಶ್‌ನ ತಡದ್ಬಿಟ್ಟೆ ಕಣಪ್ಪಾ. ಕೊಟ್ಟ ಮಾತು ನಾನೂ ತಪ್ಪಲ್ಲ, ಜರ್ಸಿ ನಿಂದೇ. ಸೋಮವಾರ ಹಾಕ್ಕೊಂಡೇ ಬಾ, ಗಣಿ ಒಳಗೆ ಚಳಿ ಜಾಸ್ತಿ."