ಸೀಟಿನ ಕೆಳಗಿನ ಡಬ್ಬಿ

ಡಿಕ್ಕಿಯಲ್ಲಿದ್ದ ನೀಲಿ ಪೆಟ್ಟಿಗೆಯನ್ನು ಮಾವ ಹಲ್ಲು ಕಚ್ಚಿ ಎತ್ತಿ, ಶೆಡ್ಡಿನ ಮೂಲೆಯಲ್ಲಿಟ್ಟು, ಮೇಲೊಂದು ಗೋಣಿಚೀಲ ಎಳೆದರು. ಅಳಿಯ ಇನ್ನೂ ಸ್ನಾನ ಮಾಡುತ್ತಿದ್ದ. ಈ ಪೀಡೆ ಡಿಕ್ಕಿಯಲ್ಲಿದ್ದರೆ ಕಾರು ಕಾರಾಗಿರುವುದಿಲ್ಲ, ಹೆದರುಪುಕ್ಕಲನ ಉಗ್ರಾಣವಾಗುತ್ತದೆ ಎನ್ನುವುದು ಅವರ ಖಚಿತ ಅಭಿಪ್ರಾಯ.

ಅಳಿಯ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಮಾವ ಬೆನ್ನ ಹಿಂದೆ ಅವನಿಗಿಟ್ಟ ಹೆಸರು ಜಾಗ್ರತೆರಾಯ. ಪೆಟ್ಟಿಗೆಯಲ್ಲಿ ಏನಿಲ್ಲ? ಟಾರ್ಚು, ಎಳೆಯುವ ಹಗ್ಗ, ಗಾಯದ ಪಟ್ಟಿ, ಕಂಬಳಿ, ನೀರು, ಬಿಸ್ಕತ್ತು, ಸಾಲದ್ದಕ್ಕೆ ಒಂದು ಸೀಟಿ. ಎಲ್ಲದಕ್ಕೂ ಚೀಟಿ, ಚೀಟಿಯ ಮೇಲೆ ತಾರೀಖು. ಮೂರು ತಿಂಗಳಿಗೊಮ್ಮೆ ನೆಲದ ಮೇಲೆ ಹರಡಿಕೊಂಡು ಕೂತು ಬಿಸ್ಕತ್ತು ಬದಲಾಯಿಸುತ್ತಾನೆ, ಗಂಡಸು! ಕಾರು ಕೆಟ್ಟರೆ ಸೀಟಿ ಊದುತ್ತಾನಂತೆ. ಊದಿದ ಕೂಡಲೇ ಎದ್ದು ಓಡಿಬರಲು ಅದೇನು ಇವನ ನಾಯಿಯೇ?

ಮೂವತ್ನಾಲ್ಕು ವರ್ಷ ಬಸ್ಸು ಓಡಿಸಿದ ಮಾವನ ಬಳಿ ಇದ್ದದ್ದು ಒಂದು ಸ್ಪ್ಯಾನರು, ಒಂದು ತುಂಡು ತಂತಿ, ಒಂದು ಹರಕು ಅಂಗಿ. ಈಗ ಬಸ್ಸಿಲ್ಲ. ಭಾನುವಾರಗಳಲ್ಲಿ ಅಳಿಯನ ಕಾರಿನ ಸ್ಟೇರಿಂಗ್ ಕೈಗೆ ಬರುತ್ತದೆ, ಅಷ್ಟೇ. ಅದೂ ಹೋದರೆ ತಾನು ಬಟ್ಟೆ ಮಡಿಸಿಕೊಂಡು ಕೂರುವ ಮುದುಕ ಎಂದು ಅವರಿಗೆ ಗೊತ್ತು. ಅದಕ್ಕೇ ಸಕ್ಕರೆ ಕಾಯಿಲೆಯ ವಿಷಯ ಮನೆಯಲ್ಲಿ ಬಾಯಿಬಿಟ್ಟಿಲ್ಲ. ಆರು ತಿಂಗಳಿಂದ ಮಾತ್ರೆಗಳು ಹಳೆಯ ಕನ್ನಡಕದ ಡಬ್ಬಿಯಲ್ಲಿವೆ.

ಇವತ್ತು ಆಸ್ಪತ್ರೆಯಿಂದ ಮನೆಗೆ ಬಂದ ಮಾವನ ಅಕ್ಕನನ್ನು ನೋಡಲು ಪಕ್ಕದ ಊರಿಗೆ ಹೋಗಬೇಕಿತ್ತು. ಅಳಿಯ ಡಿಕ್ಕಿ ತೆಗೆದು ನೋಡುವ ಮೊದಲೇ ಹೊರಡಬೇಕೆಂದು ಮಾವ ಮಾತ್ರೆ ನುಂಗಿ, ತಿಂಡಿ ಅರ್ಧಕ್ಕೇ ಬಿಟ್ಟು, ಎಲ್ಲರನ್ನೂ ಅವಸರಪಡಿಸಿ ಕಾರು ಹತ್ತಿಸಿದರು.

ಸೇತುವೆಯ ಹತ್ತಿರ ಲಾರಿಯೊಂದು ಮಗುಚಿ ಬಿದ್ದಿತ್ತು. ವಾಹನಗಳ ಸಾಲು ಒಂದೂವರೆ ಗಂಟೆಯಿಂದ ಹೆಜ್ಜೆ ಹೆಜ್ಜೆಯಾಗಿ ಸಾಗುತ್ತಿತ್ತು. ಅಳಿಯ ಪಕ್ಕದ ಸೀಟಿನಲ್ಲಿ ಎಂದಿನಂತೆ ಹ್ಯಾಂಡ್‌ಬ್ರೇಕಿನ ಬಳಿ ಒಂದು ಕೈ ಇಟ್ಟುಕೊಂಡು ಕೂತಿದ್ದ.

"ಏನ್ರೀ ಅಳಿಯಂದಿರೇ, ನಿಂತಿರೋ ಕಾರಲ್ಲೂ ಭಯಾನಾ? ಸೀಟಿ ಊದಿ, ಲಾರಿ ಎದ್ದು ಹೋಗುತ್ತೇನೋ ನೋಡೋಣ."

"ಅಪ್ಪಾ, ಸುಮ್ನಿರಿ," ಎಂದಳು ಹಿಂದೆ ಕೂತಿದ್ದ ಮಗಳು. ಅಳಿಯ ನಕ್ಕ. ಅವನ ನಗು ಕಂಡರೆ ಮಾವನಿಗೆ ಮೈ ಉರಿಯುತ್ತಿತ್ತು.

ಆದರೆ ಈಗ ಮೈ ಉರಿಯುತ್ತಿರಲಿಲ್ಲ, ತಣ್ಣಗಾಗುತ್ತಿತ್ತು. ಕತ್ತಿನಿಂದ ಬೆವರು ಇಳಿಯಿತು. ಮುಂದೆ ಒಬ್ಬಳು ಸ್ಕೂಟರಿನಲ್ಲಿದ್ದಳು, ಬೆನ್ನಿಗೆ ಅಂಟಿಕೊಂಡು ಒಂದು ಮಗು. ಅದು ಒಂದು ಮಗುವೋ ಎರಡೋ ಮಾವನಿಗೆ ಗೊತ್ತಾಗಲಿಲ್ಲ. ಸಾಲು ಚೂರು ಸರಿದು ನಿಂತಿತು. ಅವರು ಬ್ರೇಕ್ ಒತ್ತಿದರು. ಒತ್ತಿದ್ದು ಬ್ರೇಕಾಗಿರಲಿಲ್ಲ.

ಕರ್ರೆಂದು ಹ್ಯಾಂಡ್‌ಬ್ರೇಕ್ ಮೇಲೆದ್ದಿತು. ಸ್ಕೂಟರಿಗೆ ಒಂದು ಗೇಣು ಉಳಿದಾಗ ಕಾರು ಮುಗ್ಗರಿಸಿ ನಿಂತಿತು. ಮಗು ತಿರುಗಿ ನೋಡಿತು.

"ಅಪ್ಪಾ! ಏನಾಯ್ತು? ಯಾಕೆ ಹೀಗೆ ಬೆವರ್ತಿದೀರಾ?" ಮಗಳು ಗಂಡನ ಭುಜ ಹಿಡಿದಳು. "ರೀ, ಬೇಗ ಪೆಟ್ಟಿಗೆ ತನ್ನಿ!"

"ಪೆಟ್ಟಿಗೆ ಇಲ್ಲ ಕಣೇ." ಮಾವನ ನಾಲಿಗೆ ತೊದಲಿತು. "ನಾನೇ… ಶೆಡ್ಡಲ್ಲಿ ಇಳಿಸ್ದೆ."

ಅಳಿಯ ಬಗ್ಗಿ ತನ್ನ ಸೀಟಿನ ಕೆಳಗೆ ಕೈ ಹಾಕಿ ಒಂದು ತಗಡಿನ ಡಬ್ಬಿ ಎಳೆದ. ಸಣ್ಣ ಸೀಸೆಯ ನೀರಿಗೆ ಗ್ಲೂಕೋಸ್ ಸುರಿದು, ಕುಲುಕಿ, "ಸಕ್ಕರೆ ಇಳಿದಿದೆ, ಕುಡೀರಿ ಮಾವ," ಎಂದು ತುಟಿಗೆ ಹಿಡಿದ. ಮಾವ ಮಕ್ಕಳಂತೆ ಗುಟುಕು ಗುಟುಕಾಗಿ ಕುಡಿದರು.

ಸ್ವಲ್ಪ ಹೊತ್ತಿಗೆ ಮುಂದಿನ ಮಗು ಒಂದೇ ಆಯಿತು.

"ಪೆಟ್ಟಿಗೆ ಮರೀನೂ ಹಾಕಿದ್ಯಾ?" ಮಾವ ಹಂಗಿಸಲು ನೋಡಿದರು. ದನಿ ಏಳಲಿಲ್ಲ. "ಸಕ್ಕರೆ ವಿಷ್ಯ ನಿಮ್ಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಮಾವ. ನಿಮ್ಮತ್ರ ಕನ್ನಡಕದ ಡಬ್ಬಿ ಎರಡಿದೆ, ಕನ್ನಡಕ ಒಂದೇ."

"ನಂಗ್ಯಾಕೆ ಹೇಳ್ಲಿಲ್ಲ?" ಮಗಳ ದನಿ ಏರಿತು.

"ಹೇಳಿದ್ರೆ ನೀನು ಇವ್ರನ್ನ ಕಾರು ಮುಟ್ಟೋಕೆ ಬಿಡ್ತಿರ್ಲಿಲ್ಲ. ಪಕ್ಕದಲ್ಲಿ ನಾನಿರ್ತೀನಲ್ಲ ಅಂದ್ಕೊಂಡೆ." ಅಳಿಯ ಸ್ಕೂಟರಿನ ಕಡೆ ನೋಡಿದ. "ತಪ್ಪು ಮಾಡ್ದೆ."

ಡಬ್ಬಿಯೊಳಗೆ ಮಡಿಸಿದ ಚೀಟಿಯೊಂದಿತ್ತು. ಇದಕ್ಕೂ ಚೀಟಿ! ಮಾವ ಅದನ್ನು ಬಿಡಿಸಿ, ಕಣ್ಣು ಕಿರಿದಾಗಿಸಿ ಓದಿದರು. ದುಂಡಗಿನ ಅಕ್ಷರ. ಗ್ಲೂಕೋಸ್, ಎರಡು ಪೊಟ್ಟಣ. ನೀರು, ಒಂದು ಸೀಸೆ. ಅದರ ಕೆಳಗೆ: ಮಾವ ದೊಡ್ಡ ಪೆಟ್ಟಿಗೆ ಇಳಿಸಿದ ದಿನ ಬಳಸುವುದು. ಕಳೆದ ತಿಂಗಳ ತಾರೀಖು.

ಅವರು ಅದನ್ನು ಎರಡು ಸಲ ಓದಿದರು. ನಾಚಿಕೆಯಿಂದ ಕಿವಿ ಬಿಸಿಯಾದವು.

ಹಿಂದಿನವರು ಹಾರ್ನ್ ಬಡಿಯತೊಡಗಿದರು. ಸಾಲು ಮುಂದೆ ಸರಿದಿತ್ತು. ಸ್ಕೂಟರು ಆಗಲೇ ದೂರ ಹೋಗಿತ್ತು. ಮಾವ ಚೀಟಿಯನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಡಬ್ಬಿಗೆ ಹಾಕಿದರು. ಬಾಗಿಲು ತೆಗೆದು ಇಳಿದು, ಬಾನೆಟ್ ಹಿಡಿದುಕೊಂಡು ಸುತ್ತಿ ಬಂದು, ಅಳಿಯ ಖಾಲಿ ಮಾಡಿದ ಸೀಟಿನಲ್ಲಿ ಕೂತರು.

ಕಾರು ಹೊರಟಿತು. ಸೇತುವೆ ಬಂತು. ಮಾವನಿಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಒಂದನ್ನು ಮಡಿಲಲ್ಲಿಟ್ಟರು. ಇನ್ನೊಂದು ತಾನಾಗಿಯೇ ಹ್ಯಾಂಡ್‌ಬ್ರೇಕಿನ ಬಳಿಗೆ ಹೋಗಿ ಅಲ್ಲೇ ಉಳಿಯಿತು.