ಕರೆದರೆ ತಿರುಗುವ ಹುಡುಗಿ

"ಎಲ್ಲಿ, ಬಲಗೈನ ತಲೆ ಮೇಲಿಂದ ತಂದು ಈ ಕಡೆ ಕಿವಿ ಮುಟ್ಟಮ್ಮ," ಎಂದರು ಅಶ್ವತ್ಥಪ್ಪ ಮೇಷ್ಟ್ರು.

ಹುಡುಗಿ ತಾಯಿಯ ಕಡೆ ನೋಡಿದಳು. ರಾಮಲಕ್ಷ್ಮಮ್ಮ ಸೆರಗು ಸರಿಮಾಡಿಕೊಳ್ಳುವವಳಂತೆ ತನ್ನ ಬಲಗೈಯನ್ನು ತಲೆಯ ಮೇಲಿಂದ ಎಡಗಿವಿಯವರೆಗೆ ತಂದು ಇಳಿಸಿದಳು. ಮಗಳು ಬಚ್ಚಮ್ಮನೂ ಹಾಗೆಯೇ ಮಾಡಿದಳು. ಬೆರಳುಗಳು ಕಿವಿ ದಾಟಿ ಓಲೆಯನ್ನು ಮುಟ್ಟಿದವು. ಹುಟ್ಟಿದ ದಿನವನ್ನು ಬರೆದಿಡುವವರು ಆ ಊರಿನಲ್ಲಿ ಇರಲಿಲ್ಲ. ಶಾಲೆಗೆ ಸೇರುವ ವಯಸ್ಸಿಗೆ ಇದೇ ಅಳತೆ.

"ಕೈ ಎಟುಕ್ತದೆ. ಮಾತು ಬರ್ತದೇನಮ್ಮ?"

"ಮಾತು ತಡ ಸಾಮಿ. ಅವರಪ್ಪನಿಗೂ ತಡವಾಗೇ ಬಂದಿದ್ದಂತೆ. ಹೇಳಿದ್ದೆಲ್ಲಾ ಮಾಡ್ತಾಳೆ."

ಮೇಷ್ಟ್ರು ಹೆಸರು ಬರೆದುಕೊಂಡರು. ಚಾವಡಿಯೇ ಶಾಲೆ. ಗೋಡೆಯ ಮೇಲೆ ಮಹಾರಾಜರ ಪಟ, ಅದರ ಕೆಳಗೆ ಕರೀ ಹಲಗೆ. ಹೆಣ್ಣುಮಕ್ಕಳು ನಾಲ್ಕೈದು ಮಂದಿ ಇದ್ದರು. ಬಚ್ಚಮ್ಮ ಹೋಗಿ ಅವರ ನಡುವೆ ಕುಳಿತಳು.

ಮಗುವಾಗಿದ್ದಾಗಿನಿಂದಲೂ ಅವಳು ಎಲ್ಲದರಲ್ಲೂ ಮುಂದೆಯೇ ಇದ್ದಳು. ವರ್ಷ ತುಂಬುವ ಮೊದಲೇ ನಡೆದಳು. ನಾಲ್ಕು ವರ್ಷಕ್ಕೆಲ್ಲ ರೇಷ್ಮೆಹುಳುವಿನ ತಟ್ಟೆಗೆ ಒಂದು ಹುಳುವೂ ನಲುಗದಂತೆ ಸೊಪ್ಪು ಹರಡುತ್ತಿದ್ದಳು. ಅಜ್ಜಿ ಚಿಕ್ಕವೆಂಕಟಮ್ಮ "ಬಚ್ಚೀ" ಎಂದರೆ ತಿರುಗುತ್ತಿದ್ದಳು. ಮಾತೊಂದು ಬರಬೇಕಾಗಿತ್ತು. ಅದಕ್ಕಾಗಿ ಅಪ್ಪ ಗಂಗುಲಪ್ಪ ಮಗಳನ್ನು ಹೊತ್ತುಕೊಂಡು ಕುರುಡುಮಲೆಗೆ ಹೋಗಿ ಗಣಪತಿಗೆ ಹರಕೆ ಕಟ್ಟಿ ಬಂದಿದ್ದ.

ಶಾಲೆಗೆ ಸೇರಿ ಹತ್ತು ಹದಿನೈದು ದಿನವಾಗಿರಬಹುದು. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದಾಗ, ಹಿಂದೆ ಯಾರೋ ಕೈ ತಾಗಿಸಿ ಮರದ ಪೆಟ್ಟಿಗೆಯನ್ನು ಕಟ್ಟೆಯಿಂದ ಕೆಳಕ್ಕೆ ಕೆಡವಿದರು. ಎಲ್ಲರೂ ಬೆಚ್ಚಿ ಹಿಂದಕ್ಕೆ ತಿರುಗಿದರು. ಬಚ್ಚಮ್ಮ ಮಾತ್ರ 'ಅ'ದ ಬಾಲವನ್ನು ನಿಧಾನವಾಗಿ ಎಳೆಯುತ್ತಿದ್ದಳು. ಮೇಷ್ಟ್ರು ಅವಳ ಹಿಂದೆ ಹೋಗಿ ನಿಂತು ಹೆಸರು ಹಿಡಿದು ಕರೆದರು. ಚಪ್ಪಾಳೆ ತಟ್ಟಿದರು. ಬೀಗದ ಕೈ ಗೊಂಚಲನ್ನು ಅವಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಕೊನೆಗೆ ಅವರ ನೆರಳು ಮರಳಿನ ಮೇಲೆ ಬಿದ್ದಾಗ ಹುಡುಗಿ ತಲೆಯೆತ್ತಿ ನಕ್ಕಳು.

ಆ ಸಂಜೆ ಮೇಷ್ಟ್ರು ವೇಮಗಲ್ಲಿನ ತಮ್ಮ ಮನೆಗೆ ಹೊರಡದೆ ಗಂಗುಲಪ್ಪನ ಮನೆಯ ಕಡೆ ನಡೆದರು. ಅವನು ಎತ್ತುಗಳನ್ನು ಕಟ್ಟುತ್ತಿದ್ದ. ಚಿಕ್ಕವೆಂಕಟಮ್ಮ ಜಗಲಿಯಲ್ಲಿ ಮೊರ ಹಿಡಿದು ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಒಳಗೆ ಬಾಗಿಲ ಬಳಿ ರಾಮಲಕ್ಷ್ಮಮ್ಮ ಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದಳು. ಹುಡುಗಿ ಅಂಗಳದ ಆಚೆ ಬದಿಯಲ್ಲಿ ಬೆನ್ನು ತಿರುಗಿಸಿ ಆಡುತ್ತಿದ್ದಳು.

"ಏನ್ ಸಾಮಿ, ನಮ್ ಹುಡುಗಿ ಏನಾದ್ರೂ ತಂಟೆ ಮಾಡಿದ್ಲಾ?" ಎಂದ ಗಂಗುಲಪ್ಪ.

"ತಂಟೆ ಏನಿಲ್ಲ." ಮೇಷ್ಟ್ರು ಜಗಲಿಯ ಮೇಲೆ ಕುಳಿತು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹೆಂಗೆ ಹೇಳೋದೋ ಗೊತ್ತಾಗ್ತಿಲ್ಲ. ಅವಳಿಗೆ ಮಾತು ತಡ ಅಲ್ಲ ಗಂಗುಲಪ್ಪ. ಕಿವಿ ಕೇಳಿಸ್ತಿಲ್ಲ."

ಸೊಪ್ಪು ಹೆಚ್ಚುವ ಸದ್ದು ನಿಂತಿತು.

"ಯಾರು ಹೇಳಿದ್ದು? ಕರೆದ್ರೆ ಬರ್ತಾಳೆ ನಮ್ ಕೂಸು," ಎಂದಳು ಚಿಕ್ಕವೆಂಕಟಮ್ಮ. ಅಂಗಳದ ಕಡೆ ತಿರುಗಿ "ಬಚ್ಚೀ" ಎಂದಳು. ಕೂಗುವಾಗಲೇ ಅವಳ ಕೈ ಮೊರದ ಅಂಚಿನಿಂದ ಒಂದು ಹರಳನ್ನು ಎತ್ತಿ ಎಸೆಯಿತು. ಅದು ಹುಡುಗಿಯ ಬೆನ್ನಿಗೆ ತಾಗಿತು. ಬಚ್ಚಮ್ಮ ತಿರುಗಿದಳು, ಎದ್ದು ಬಂದಳು.

ರಾಮಲಕ್ಷ್ಮಮ್ಮ ಬಾಗಿಲಿಗೆ ಬಂದು ನಿಂತು ಅತ್ತೆಯ ಕೈಯನ್ನೇ ನೋಡಿದಳು.

"ಅತ್ತೆ, ನಿಮಗೂ ಗೊತ್ತಿತ್ತಾ?"

ಮುದುಕಿ ಮೊರವನ್ನು ಪಕ್ಕಕ್ಕಿಟ್ಟಳು. "ಅದಕ್ಕೆ ಹಲ್ಲು ಬರೋಕ್ ಮುಂಚೆನೇ ಗೊತ್ತು. ನಿನಗೆ ತಿಳಿದ್ರೆ ಕೊರಗ್ತೀಯ ಅಂತ ಸುಮ್ನಿದ್ದೆ."

"ನಾನು ನಿಮಗೆ ಹೆದರ್ಕೊಂಡು ಮುಚ್ಚಿಟ್ಟೆ. ಯಾರಾದ್ರೂ ಕರೆದಾಗೆಲ್ಲ ಕಣ್ಣಲ್ಲೇ ತೋರಿಸ್ತಿದ್ದೆ. ನಿಮಗೆ ಗೊತ್ತಾದ್ರೆ ಇವರಿಗೆ ಇನ್ನೊಂದು ಹೆಣ್ಣು ತರ್ತೀರ ಅಂತ."

ಅಂಥ ಯೋಚನೆ ಇರಲಿಲ್ಲ ಎಂದು ಚಿಕ್ಕವೆಂಕಟಮ್ಮ ಹೇಳಲಿಲ್ಲ. ಮೊಮ್ಮಗಳ ಲಂಗಕ್ಕೆ ಮೆತ್ತಿದ್ದ ಮಣ್ಣನ್ನು ಕೊಡವತೊಡಗಿದಳು.

ಗಂಗುಲಪ್ಪ ಎತ್ತಿನ ಹಗ್ಗ ಹಿಡಿದೇ ನಿಂತಿದ್ದ. "ಕುರುಡುಮಲೇಲಿ ಗಂಟೆ ಹೊಡೆದೆ," ಎಂದ, ಯಾರ ಮುಖವನ್ನೂ ನೋಡದೆ. "ದೊಡ್ಡ ಗಂಟೆ. ಮಗು ನನ್ ಹೆಗಲ ಮೇಲೆ ನಿದ್ದೆ ಮಾಡ್ತಿತ್ತು. ಇನ್ನೊಂದ್ಸಲ ಜೋರಾಗಿ ಹೊಡೆದೆ. ಏಳಲೇ ಇಲ್ಲ." ಹಗ್ಗವನ್ನು ಗೂಟಕ್ಕೆ ಸುತ್ತುತ್ತ, "ನಿಮ್ಮಿಬ್ಬರಿಗೂ ಹೇಳೋಕೆ ಬಾಯಿ ಬರಲಿಲ್ಲ," ಎಂದ.

ಮೇಷ್ಟ್ರಿಗೆ ಅಲ್ಲಿ ಕೂರುವುದು ಕಷ್ಟವಾಯಿತು. "ಮೈಸೂರಲ್ಲಿ ಇಂಥ ಮಕ್ಕಳಿಗೆ ಅಂತ ಒಂದು ಸ್ಕೂಲಿದೆ," ಎಂದರು.

"ಅಷ್ಟು ದೂರ ಬಿಟ್ಟು ಇರೋಕಾಗಲ್ಲ ಸಾಮಿ," ಎಂದಳು ಮುದುಕಿ ತಕ್ಷಣ.

"ಇಲ್ಲಿ ನಾನು ಪಾಠ ಹೇಳೋದು ಬಾಯಲ್ಲಿ, ಅಜ್ಜಿ."

"ಹಲಗೆ ಮೇಲೆ ಬರೀತೀರಲ್ಲ ಸಾಮಿ," ಎಂದಳು ರಾಮಲಕ್ಷ್ಮಮ್ಮ. "ಅದು ಕಣ್ಣಿಗೆ ತಾನೆ? ಅದಕ್ಕೇ ನಾನು ಕರ್ಕೊಂಡು ಬಂದಿದ್ದು."

ಮೇಷ್ಟ್ರು ಟೋಪಿಯನ್ನು ಒಮ್ಮೆ ತಿರುಗಿಸಿ ನೋಡಿ ತಲೆಗೆ ಹಾಕಿಕೊಂಡರು. ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರು ಬಂದು ಹುಡುಗಿಯನ್ನು ಪ್ರಶ್ನೆ ಕೇಳಿದರೆ ತಾವು ಏನು ಹೇಳಬೇಕೋ ಅವರಿಗೆ ತೋಚಲಿಲ್ಲ. "ನಾಳೆ ಕಳಿಸಿ. ಮುಂದಿನ ಸಾಲಲ್ಲಿ ಕೂರಲಿ. ಕಲಿಸ್ತೀನಿ ಅಂತ ಮಾತು ಕೊಡೋಕಾಗಲ್ಲ," ಎಂದು ಎದ್ದರು.

ಅವರು ಹೋದ ಮೇಲೆ ರಾಮಲಕ್ಷ್ಮಮ್ಮ ಉಳಿದ ಸೊಪ್ಪನ್ನು ಹೆಚ್ಚಿ ಮುಗಿಸಿದಳು. ಊಟದ ಹೊತ್ತಿಗೆ ಹುಡುಗಿಯನ್ನು ಯಾರೂ ಕೂಗಲಿಲ್ಲ. ಚಿಕ್ಕವೆಂಕಟಮ್ಮ ಮಂಡಿ ಹಿಡಿದುಕೊಂಡು ಎದ್ದು ಅಂಗಳಕ್ಕೆ ಹೋಗಿ ಅವಳ ಕೈ ಹಿಡಿದು ಕರೆತಂದಳು.

ಮರುದಿನ ಬಚ್ಚಮ್ಮ ಮುಂದಿನ ಸಾಲಿನಲ್ಲಿ ಕುಳಿತಳು. ಮೇಷ್ಟ್ರು ಹಲಗೆಯ ಮೇಲೆ ಒಂದೊಂದೇ ಅಕ್ಷರವನ್ನು ದೊಡ್ಡದಾಗಿ ಬರೆದು ಕೋಲು ಇಟ್ಟು ತೋರಿಸಿದರು. ಮಕ್ಕಳು ಎಂದಿನಂತೆ ಗಂಟಲು ಹರಿಯುವಂತೆ ಒಟ್ಟಾಗಿ ಕೂಗಿದರು. ಬಚ್ಚಮ್ಮ ಹಲಗೆಯಿಂದ ಕಣ್ಣು ತೆಗೆಯದೆ ತನ್ನ ಅಂಗೈಯನ್ನು, ಕೂಗಿಗೆ ಅದುರುತ್ತಿದ್ದ ಪಕ್ಕದ ಹುಡುಗಿಯ ಬೆನ್ನಿನ ಮೇಲೆ ಇಟ್ಟಳು. ಆ ಹುಡುಗಿ ಒಮ್ಮೆ ಭುಜ ಕೊಡವಿ ನೋಡಿದಳು. ಕೈ ಹೋಗಲಿಲ್ಲ. ಮತ್ತೆ ಮುಂದಕ್ಕೆ ತಿರುಗಿ ಕೂಗುತ್ತ ಹೋದಳು.