ಯಾವುದು ತೊಟ್ಟಿಯದು, ಯಾವುದು ಕಡಲಿನದು

ತೊಟ್ಟಿಯಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಸಾಲಾಗಿ ಗಾಜಿನ ತೊಟ್ಟಿಗಳನ್ನಿಟ್ಟು, ಹಗಲೂ ರಾತ್ರಿ ಗಾಳಿಯೂದುವ ಪಂಪು ಓಡಿಸಿ, ಕಡಲ ಮೀನನ್ನು ಕಡಲು ತೋರಿಸದೆಯೇ ಹುಟ್ಟಿಸಿ ಬೆಳೆಸುತ್ತೇನೆಂದು ಹಟ ಹಿಡಿದವಳು. ಅದೂ ಎಂಥ ಮೀನು? ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆ ಬಳಿದುಕೊಂಡು, ಶೋಕಿಯವರ ಮನೆಯ ಅಕ್ವೇರಿಯಂನಲ್ಲಿ ಸೊಂಟ ಕುಣಿಸುವ ಜೋಕರ್ ಮೀನು. ತಿನ್ನುವುದಕ್ಕೂ ಬಾರದ ಮೀನಿಗೆ ಇಷ್ಟೊಂದು ಆರೈಕೆಯೇ ಎಂದು ನೆರೆಯವರು ನಗುತ್ತಿದ್ದರು. ನಗಲಿ ಬಿಡಿ, ನಗುವುದಕ್ಕೇನು ಕರೆಂಟು ಬೇಕೇ?

ಮೊಟ್ಟೆಯೊಡೆದು ಬಂದ ಮರಿ ರೆಪ್ಪೆಗೂದಲ ತುಣುಕಿನಷ್ಟಿರುತ್ತದೆ. ಬೆಳಕು ಪಕ್ಕದಿಂದ ಬಿದ್ದರೆ ಗಾಜಿಗೆ ಮೂತಿ ಹೊಡೆದುಕೊಂಡೇ ಸಾಯುತ್ತದೆ. ಅದಕ್ಕೆ ತೊಟ್ಟಿಯ ಸುತ್ತ ಕರಿಬಟ್ಟೆ ಕಟ್ಟಬೇಕು, ಪಾಚಿ ಬೆಳೆಸಿ ನೀರನ್ನು ಹಸಿರಾಗಿಸಬೇಕು, ಆ ಹಸಿರಿನಲ್ಲಿ ಕಣ್ಣಿಗೆ ಕಾಣದ ಹುಳ ಸಾಕಬೇಕು, ಆ ಹುಳವನ್ನು ಮರಿಗೆ ಹಾಕಬೇಕು. ಇಷ್ಟೆಲ್ಲ ಮಾಡಿದರೂ ಮೊದಲ ವಾರದಲ್ಲಿ ಮುಕ್ಕಾಲು ಪಾಲು ಕೈಬಿಟ್ಟು ಹೋಗುತ್ತವೆ. ಉಳಿದವನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತಿದ್ದಳು.

ಈ ಹಟಕ್ಕೆ ಕಾರಣವಿತ್ತು. ಅವಳ ಗಂಡನೂ ಮೈದುನನೂ ಇದೇ ಮೀನನ್ನು ಕಡಲಿನಲ್ಲಿ ಮುಳುಗಿ ಕೈಬಲೆಯಲ್ಲಿ ಹಿಡಿಯುವವರು. ಮುಳುಗಿ ಮುಳುಗಿ ಗಂಡನ ಕಿವಿ ಹೋಯಿತು. ಈಗ ಅವನನ್ನು ಕರೆಯಬೇಕೆಂದರೆ ಹೆಗಲು ಮುಟ್ಟಬೇಕು. ಇತ್ತೀಚೆಗೆ ಮೈದುನನೂ ನೀರಿನಿಂದೆದ್ದು ಬಂದವನು ಜಗಲಿಯಲ್ಲಿ ಕುಳಿತು ತಲೆ ವಾಲಿಸಿ ಕಿವಿ ಕುಟ್ಟಿಕೊಳ್ಳುತ್ತಿದ್ದ. ಆ ಕುಟ್ಟಾಟ ನೋಡಿದಾಗಲೆಲ್ಲ ಅವಳು ಎದ್ದು ಶೆಡ್ಡಿಗೆ ಹೋಗುತ್ತಿದ್ದಳು.

ಅಷ್ಟರಲ್ಲಿ ದೊಡ್ಡದೊಂದು ಅಕ್ವೇರಿಯಂ ಕಟ್ಟುತ್ತಿದ್ದವರ ಮ್ಯಾನೇಜರಮ್ಮ ಬಂದು ಹೋದಳು. ಕಡಲಿನಿಂದ ತೆಗೆದ ಒಂದೇ ಒಂದು ಮೀನೂ ತಮಗೆ ಬೇಡ, ತೊಟ್ಟಿಯಲ್ಲೇ ಹುಟ್ಟಿದವು ಬೇಕು, ಆದರೆ ನೋಡಲು ಥೇಟ್ ಕಡಲಿನವುಗಳಂತೆಯೇ ಇರಬೇಕು ಎಂದಳು. ಈ ಸಲದ ಮೀನು ಸರಿಯಿದ್ದರೆ ಮುಂದೆಯೂ ಎಲ್ಲವನ್ನೂ ಇಲ್ಲಿಂದಲೇ ಕೊಳ್ಳುತ್ತೇವೆ ಎಂದಳು. ಹಾಗಾದರೆ ಶೆಡ್ಡಿಗೆ ಇನ್ನೊಂದು ಆಳು ಬೇಕಾಗುತ್ತದೆ, ಮೈದುನ ಕಡಲಿಗಿಳಿಯುವುದನ್ನು ಬಿಟ್ಟು ಇಲ್ಲಿಗೇ ಬರುತ್ತಾನೆ. ಅವಳ ಲೆಕ್ಕಾಚಾರ ಅಷ್ಟೇ. ಪಟ್ಟೆ ಅರೆಬರೆಯಾದ ಮರಿಗಳನ್ನೆಲ್ಲ ಬೇರೆ ಮಾಡಿ, ತಿದ್ದಿ ಬರೆದಂತಿದ್ದವನ್ನು ಒಂದೇ ತೊಟ್ಟಿಯಲ್ಲಿ ಇಟ್ಟಳು.

ಅಷ್ಟರಲ್ಲಿ ಅವಳ ತಾಯಿಗೆ ಆಪರೇಷನ್ ಆಯಿತು. ಶೆಡ್ಡನ್ನು ಮೈದುನನಿಗೆ ಒಪ್ಪಿಸಿ, ಗಂಡನನ್ನು ಕರೆದುಕೊಂಡು ತವರಿಗೆ ಹೋದಳು. ಎರಡು ವಾರ ಬಿಟ್ಟು ಬಂದು ನೋಡಿದರೆ ಮೀನುಗಳು ಮಿರಮಿರ ಮಿಂಚುತ್ತಿದ್ದವು. ಮೈದುನನ ಬೆನ್ನು ತಟ್ಟಿ, ಪರವಾಗಿಲ್ಲ, ನೀನೂ ಮನುಷ್ಯನಾದೆ ಎಂದು ಚೇಷ್ಟೆ ಮಾಡಿದಳು. ಅವನು ನಗಲಿಲ್ಲ. ಆಗಲಾದರೂ ಅವಳಿಗೆ ಹೊಳೆಯಬೇಡವೇ?

ಮ್ಯಾನೇಜರಮ್ಮ ಬರುವ ಹಿಂದಿನ ದಿನ ಬೆಳಿಗ್ಗೆ ಅವಳೇ ಅವನಿಗೊಂದು ಕೆಲಸ ಹಚ್ಚಿದಳು. ಕಡಲ ಮೀನು ಹಿಡಿಯುವ ನೀನೇ ಎದುರು ನಿಂತು, ಇದರಲ್ಲಿ ಒಂದೂ ಕಡಲಿನದಲ್ಲ ಎಂದರೆ ಆ ಮಾತಿಗೆ ತೂಕ ಬೇರೆ ಎಂದು ಹುರಿದುಂಬಿಸಿದಳು.

"ಅತ್ತಿಗೆ, ಆ ಮಾತು ಹೇಳೋಕೆ ನನ್ನಿಂದ ಆಗಲ್ಲ," ಎಂದ ಅವನು. "ಅದರಲ್ಲಿ ಅರ್ಧಕ್ಕರ್ಧ ನಾನೇ ಹಿಡ್ಕೊಂಡು ಬಂದು ಬಿಟ್ಟಿದ್ದು."

ಅವಳು ತವರಿಗೆ ಹೋದ ಮೊದಲ ದಿನಗಳಲ್ಲೇ ಒಮ್ಮೆ ಅವನು ನಿದ್ದೆ ಹೋದಾಗ ಪಂಪು ನಿಂತಿತ್ತಂತೆ. ಎದ್ದು ನೋಡಿದರೆ ಅರ್ಧ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವಂತೆ. ಆಸ್ಪತ್ರೆಯಲ್ಲಿ ಕುಳಿತವಳಿಗೆ ಯಾವ ಬಾಯಲ್ಲಿ ಹೇಳುವುದು ಎಂದು, ಅದೇ ಅಳತೆಯ, ಅದೇ ಪಟ್ಟೆಯ ಮೀನುಗಳನ್ನು ಆರಿಸಿ ಆರಿಸಿ ತಂದು ಬಿಟ್ಟನಂತೆ. ಅವಳಿಗೆ ಬೈಯಬೇಕು ಎನ್ನಿಸಿತು. ಅವನನ್ನು ನೀರಿನಿಂದ ಎತ್ತಲೆಂದು ಅವಳು ಸಾಕಿದ ಮೀನಿಗಾಗಿ ಅವನು ಮತ್ತೆ ನೀರಿಗೆ ಬಿದ್ದಿದ್ದ. ಇದಕ್ಕೆ ಅಳುವುದೋ ನಗುವುದೋ?

ಹಡೆದವಳಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದೇನೆ, ನನ್ನವು ನನಗೆ ಗೊತ್ತಾಗುವುದಿಲ್ಲವೇ ಎಂದು ಗಾಜಿಗೆ ಮುಖ ಹಚ್ಚಿ ಕುಳಿತಳು. ಮೊದಲು ಇದು ನನ್ನದು ಎಂದಳು. ಅದರ ಪಕ್ಕದ್ದೂ ಹಾಗೇ ಕಂಡಿತು. ಆಮೇಲೆ ಎಲ್ಲವೂ ತನ್ನವೇ ಎನ್ನಿಸಿತು, ಸ್ವಲ್ಪ ಹೊತ್ತಿಗೆ ಒಂದೂ ತನ್ನದಲ್ಲ ಎನ್ನಿಸಿತು. ಊಟ ಹಾಕಿದರೆ ಗುರುತು ಸಿಗಬಹುದೆಂದು ಹಾಕಿದಳು. ಎಲ್ಲವೂ ಅವಳ ಬೆರಳಿಗೇ ಬಂದು ಮುತ್ತಿದವು. ಕಡಲಿನವು ಎರಡೇ ವಾರದಲ್ಲಿ ಅನ್ನದ ಋಣ ಕಲಿತುಬಿಟ್ಟಿದ್ದವು.

ಆಗ ಮೈದುನನಿಗೊಂದು ಉಪಾಯ ಹೊಳೆಯಿತು. ಈ ಮೀನು ಕಡಲಿನಲ್ಲಿ ಕಡಲಹೂವಿನ ಮಡಿಲಲ್ಲಿ ಮಲಗುವಂಥದ್ದು. ಹೂವೆಂದರೆ ಹೂವಲ್ಲ, ಎಸಳಿನಂಥ ಕೈಗಳಿಂದ ಚುಚ್ಚುವ ಜೀವ. ತೊಟ್ಟಿಯ ಮರಿಗಳು ಅದನ್ನು ಕಂಡೇ ಇಲ್ಲ, ಒಡೆದ ಕುಂಡದ ಚೂರನ್ನೇ ಮನೆ ಎಂದುಕೊಂಡಿವೆ. ಒಂದು ಹೂವು ತಂದಿಟ್ಟರೆ ಕಡಲಿನವು ಅದಕ್ಕೆ ಓಡುತ್ತವೆ, ತೊಟ್ಟಿಯವು ಚೂರಿನ ಬಳಿಯೇ ಉಳಿಯುತ್ತವೆ, ಬಲೆ ಹಾಕಿ ಬೇರೆ ಮಾಡಿದರಾಯಿತು. ಕೇಳುವುದಕ್ಕೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿತ್ತು.

ಹಿಡಿದ ಮೀನಿಡಲು ತನ್ನ ಮನೆಯಲ್ಲಿಟ್ಟಿದ್ದ ಟಬ್ಬಿನಿಂದ ಹೂವೊಂದನ್ನು ಅವನೇ ತಂದಿಟ್ಟ. ಬಹಳ ಹೊತ್ತು ಒಂದೂ ಕದಲಲಿಲ್ಲ. ಗಂಡನೂ ಬಂದು ಸೇರಿ, ಮೂವರೂ ಗಾಜಿನ ಮುಂದೆ ನಿಂತರು. ಕೊನೆಗೆ ಒಂದು ಮೀನು ಹೋಗಿ ಎಸಳಿಗೆ ಮೈ ಸವರಿತು. ಅದು ನಂದು ಎಂದ ಮೈದುನ. ಇನ್ನೊಂದು ಹೋಯಿತು. ಅದೂ ತನ್ನದೇ ಎಂದ. ಆಮೇಲೆ ಒಂದರ ಹಿಂದೆ ಒಂದು ನುಗ್ಗಿದವು. ಹುಟ್ಟುಗುಣವೋ, ಸಹವಾಸದ ಗುಣವೋ, ಯಾರಿಗೆ ಗೊತ್ತು? ಮಧ್ಯಾಹ್ನದ ಹೊತ್ತಿಗೆ ಕುಂಡದ ಚೂರಿನ ಬಳಿ ಒಂದೂ ಉಳಿದಿರಲಿಲ್ಲ. ಗಂಡ ಇಬ್ಬರ ಮುಖವನ್ನೂ ನೋಡಿ, ಕೈ ಚೆಲ್ಲಿ, ಪಂಪು ಒರೆಸಲು ಹೋದ.

ಮರುದಿನ ಮ್ಯಾನೇಜರಮ್ಮ ಬಂದವಳು ಹೂವಿಗೆ ಮುತ್ತಿದ್ದ ಮೀನುಗಳನ್ನು ನೋಡಿ ಹಿಗ್ಗಿಹೋದಳು. ತೊಟ್ಟಿಯಲ್ಲಿ ಹುಟ್ಟಿದರೂ ತಾಯಿಬೇರು ಮರೆತಿಲ್ಲ ನೋಡಿ, ಜನ ಮುಗಿಬಿದ್ದು ನೋಡುತ್ತಾರೆ ಎಂದಳು. ಎಲ್ಲವೂ ಇಲ್ಲೇ ಹುಟ್ಟಿದವು ತಾನೇ ಎಂದು ಕೇಳಿದಳು. ತೊಟ್ಟಿಯಕ್ಕ ಸೆರಗಿನಿಂದ ಗಾಜು ಒರೆಸತೊಡಗಿದಳು. ಆ ಒರೆಸಾಟದ ಅರ್ಥ ತಿಳಿಯದಷ್ಟು ಪೆದ್ದಿಯಲ್ಲ ಮ್ಯಾನೇಜರಮ್ಮ. ಅಕ್ವೇರಿಯಂ ಬಾಗಿಲು ತೆರೆಯುವ ದಿನ ಹತ್ತಿರ ಬಂದಿತ್ತು. ದನಿ ತಗ್ಗಿಸಿದಳು.

"ಹೌದು ಅಂತ ಒಂದು ಮಾತು ಹೇಳಿಬಿಡಿ. ನೋಡಿದವರಿಗೆ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ."

ಬಾಗಿಲ ಬಳಿ ಮೈದುನ ನಿಂತಿದ್ದ. ಹೌದು ಎಂದರೆ ಅವನು ನಾಳೆಯಿಂದ ಇಲ್ಲೇ, ಬೆಚ್ಚಗೆ, ಕಿವಿ ಉಳಿಸಿಕೊಂಡು. ಅದಕ್ಕಾಗಿಯೇ ಅಲ್ಲವೇ ಇಷ್ಟೂ ಪಾಡು? ಆದರೆ ಅರ್ಧ ಮೀನು ಅವನು ಮುಳುಗಿ ತಂದದ್ದು. ಹೌದು ಎಂದರೆ ಅವನು ಮುಳುಗಿಯೇ ಇಲ್ಲ ಎಂದಂತೆ. ಯಾವುದು ಅವನನ್ನು ಉಳಿಸುವುದು, ಯಾವುದು ಮುಳುಗಿಸುವುದು ಎಂದು ಅವಳಿಗೆ ತಿಳಿಯದಾಯಿತು. ಬಾಯಿಯಿಂದ ಬಂದದ್ದು, ಅವಳಿಗೆ ಖಾತ್ರಿಯಿದ್ದ ಒಂದೇ ಮಾತು.

"ಇದರಲ್ಲಿ ಯಾವುದು ಇಲ್ಲಿ ಹುಟ್ಟಿದ್ದು ಅಂತ ನನಗೆ ಗೊತ್ತಿಲ್ಲ."

ಮೈದುನನ ಹೆಸರೆತ್ತಲಿಲ್ಲ. ಮ್ಯಾನೇಜರಮ್ಮ ಇನ್ನೊಂದು ಸಲ ಕೇಳಿದಳು, ಅದೇ ಉತ್ತರ ಬಂತು. ಹೊಸ ಮರಿಗಳಾದಾಗ ತಿಳಿಸಿ, ನೋಡೋಣ ಎಂದು ಮುಖ ಬಿಗಿದುಕೊಂಡು ಹೊರಟಳು. ಆ 'ನೋಡೋಣ' ಎಂಥದ್ದೆಂದು ಎಲ್ಲರಿಗೂ ಗೊತ್ತಿತ್ತು.

"ಹೌದು ಅಂದಿದ್ರೆ ಏನಾಗ್ತಿತ್ತು ಅತ್ತಿಗೆ? ಯಾರಿಗೂ ಗೊತ್ತಾಗ್ತಿರಲಿಲ್ಲ."

"ನನಗೇ ಗೊತ್ತಾಗಲಿಲ್ಲವಲ್ಲೋ," ಎಂದಳು ಅವಳು. "ಅದನ್ನೇ ತಡೆಯೋಕಾಗ್ತಿಲ್ಲ."

ಮಾರನೆಯ ಬೆಳಿಗ್ಗೆ ಮೈದುನ ಬಲೆ ಹೆಗಲಿಗೆ ಹಾಕಿಕೊಂಡು ಕಡಲಿಗೆ ಹೊರಟ. ಹೊಟ್ಟೆಪಾಡು, ಹೋಗಲೇಬೇಕಿತ್ತು. ಶೆಡ್ಡಿನ ಮುಂದೆ ಬಂದವನು ತಲೆ ತಗ್ಗಿಸಿಕೊಂಡು ದಾಟುವುದರಲ್ಲಿದ್ದ. ಅವಳು ಕರೆದಳು.

"ಬರುವಾಗ ನನಗೋಸ್ಕರ ಅಂತ ಏನೂ ತರಬೇಡ. ನೀನು ಬಂದರೆ ಸಾಕು."

ಕೋಪದಲ್ಲಿ ಹೇಳಿದಳೋ, ಅಕ್ಕರೆಯಲ್ಲೋ, ಅವನಿಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಅವನು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ಒಳಗೆ ಹೋಗಿ ಎಲ್ಲ ಮೀನುಗಳಿಗೂ ಊಟ ಹಾಕಿದಳು.